ಎರಡು ಸೆಲ್ಲಿನ ಆಟ

ಆಷಾಢ ಬಂತೆಂದರೆ ಹಳೆ ಮೈಸೂರಿನ ಕಡೆ ಹೊಸದಾಗಿ ಮದುವೆಯಾದವರನ್ನು ಬೇರೆ ಬೇರೆ ಇರಿಸುವುದು ವಾಡಿಕೆ. ಚಾಮರಾಜನಗರದಲ್ಲಿ ಮಾತ್ರ ಅದೇ ತಿಂಗಳಲ್ಲಿ ನವದಂಪತಿಗಳು ಜೊತೆಯಾಗಿ ಬಂದು ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆದು ಹೋಗುತ್ತಾರೆ. ದೊಡ್ಡವರ ಕಣ್ಣು ತೇರಿನ ಮೇಲಿದ್ದರೆ ಮಕ್ಕಳ ಕಣ್ಣು ರಸ್ತೆ ಬದಿಯ ಅಂಗಡಿಗಳ ಮೇಲೆ. ಪೀಪಿ, ಬಲೂನು, ಬಣ್ಣದ ಕನ್ನಡಕ, ಗುಂಡಿ ಒತ್ತಿದರೆ ನೀರಿನೊಳಗೆ ಉಂಗುರಗಳು ಹಾರಿ ಕಡ್ಡಿಗೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಪೆಟ್ಟಿಗೆ. 1990ರ ದಶಕದಲ್ಲಿ ನಮ್ಮ ಜಾತ್ರೆಗಳ ಈ ಸಾಲಿಗೆ ಇನ್ನೊಂದು ಸಾಮಾನು ಬಂದು ಸೇರಿಕೊಂಡಿತು.

ಅಂಗೈಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ. ಮೇಲೆ ಬೂದು ಬಣ್ಣದ ಪರದೆ, ಕೆಳಗೆ ಗುಂಡಿಗಳು. ಮೈಮೇಲೆ ‘ಬ್ರಿಕ್ ಗೇಮ್’ ಎಂದೂ ‘9999 ಇನ್ 1’ ಎಂದೂ ಬರಹ. ಹಿಂದೆ ಎರಡು ಪೆನ್ಸಿಲ್ ಸೆಲ್ಲು ಹಾಕಿ ಗುಂಡಿ ಒತ್ತಿದರೆ ಕೀಚಲು ಸ್ವರದಲ್ಲಿ ಒಂದು ರಾಗ. ಮೇಲಿನಿಂದ ಇಟ್ಟಿಗೆಯಂಥ ಚೌಕಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದು ಬಿಡದಂತೆ ಜೋಡಿಸಬೇಕು. ಸಾಲು ತುಂಬಿದರೆ ಅದು ಮಾಯ. ತುಂಬದೆ ರಾಶಿ ಮೇಲಕ್ಕೇರಿದರೆ ಆಟ ಮುಗಿಯಿತು. ಅಂಗಡಿಯವರು, ಮಕ್ಕಳು, ಮೇಷ್ಟ್ರು ಎಲ್ಲರೂ ಅದನ್ನು ಕರೆದದ್ದು ‘ವಿಡಿಯೋ ಗೇಮು’ ಎಂದು.

ಅಗ್ಗದ ಈ ಡಬ್ಬಿಯ ಬಗ್ಗೆ ನಮ್ಮ ಸೀಮೆಯಲ್ಲಿ ಆಗ ಒಳ್ಳೆಯ ಮಾತು ಕೇಳಿಬಂದದ್ದು ಕಡಿಮೆ. ಕಣ್ಣು ಹೋಗುತ್ತದೆ, ಓದು ಹೋಗುತ್ತದೆ, ಹುಡುಗ ಜನರೊಡನೆ ಸೇರುವುದಿಲ್ಲ, ಇದು ಜೂಜಿಗೆ ಮೊದಲ ಮೆಟ್ಟಿಲು ಎಂಬೆಲ್ಲ ಆರೋಪಗಳಿದ್ದವು. ಇಂದು ಅದೇ ಬಗೆಯ ಡಬ್ಬಿಯನ್ನು ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವ ಮದ್ದೆಂದು ಕೊಂಡು ತರುವವರಿದ್ದಾರೆ. ಮೂವತ್ತು ವರ್ಷಗಳಲ್ಲಿ ವಿಷ ಮದ್ದಾದದ್ದು ಹೇಗೆ? ಆಗಿನ ಆರೋಪಗಳಲ್ಲಿ ಯಾವುದು ನಿಜ, ಯಾವುದು ಭಯ? ಇದನ್ನು ತಿಳಿಯಲು ಡಬ್ಬಿಯ ಹುಟ್ಟಿನಿಂದಲೇ ಹೊರಡಬೇಕು.

ಮಾಸ್ಕೋದಿಂದ ಜಾತ್ರೆಗೆ

ಇಟ್ಟಿಗೆ ಇಳಿಯುವ ಆಟದ ಮೂಲ ಹೆಸರು ಟೆಟ್ರಿಸ್. ಇದನ್ನು ರಚಿಸಿದವರು ಅಲೆಕ್ಸಿ ಪಜಿಟ್ನೋವ್. 1984ರಲ್ಲಿ ಅವರು ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಚೌಕಗಳನ್ನು ಜೋಡಿಸಿ ಪೆಟ್ಟಿಗೆ ತುಂಬುವ ಹಳೆಯ ಮರದ ಆಟವೊಂದು ಅವರಿಗೆ ಪ್ರಿಯವಾಗಿತ್ತು. ಅದರಲ್ಲಿ ಐದೈದು ಚೌಕಗಳ ಬಿಲ್ಲೆಗಳಿರುತ್ತವೆ. ಅವನ್ನು ನಾಲ್ಕಕ್ಕೆ ಇಳಿಸಿದಾಗ ಸಿಗುವ ಏಳು ಆಕಾರಗಳನ್ನೇ ಪಜಿಟ್ನೋವ್ ಕಂಪ್ಯೂಟರಿಗೆ ತಂದರು. ಗ್ರೀಕ್ ಭಾಷೆಯ ನಾಲ್ಕು ಎಂಬರ್ಥದ ಪದಕ್ಕೆ ತಮಗೆ ಇಷ್ಟವಾದ ಟೆನ್ನಿಸ್ ಸೇರಿಸಿ ಹೆಸರಿಟ್ಟರು. ಸರ್ಕಾರದ ಕಂಪ್ಯೂಟರಿನಲ್ಲಿ ಹುಟ್ಟಿದ ಆಟ ಸರ್ಕಾರದ ಸ್ವತ್ತಾಯಿತು. ಜಗತ್ತೆಲ್ಲ ಆಡಿದರೂ 1996ರವರೆಗೆ ಅದರ ಗೌರವಧನ ಅವರ ಕೈಸೇರಲಿಲ್ಲ.

ಆಟವನ್ನು ಅಂಗೈಗೆ ತಂದು ಜಗತ್ತಿನಲ್ಲಿ ಮನೆಮಾತಾಗಿಸಿದ್ದು ಜಪಾನಿನ ನಿಂಟೆಂಡೊ. ಅಲ್ಲಿ ಗುನ್‌ಪೇ ಯೊಕೊಯಿ ಎಂಬ ತಂತ್ರಜ್ಞರಿದ್ದರು. ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಿದ್ದ ಪ್ರಯಾಣಿಕನೊಬ್ಬನನ್ನು ಕಂಡು ಅವರಿಗೆ ಕೈಯಲ್ಲಿ ಹಿಡಿಯುವ ಆಟದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1980ರಲ್ಲಿ ‘ಗೇಮ್ ಅಂಡ್ ವಾಚ್’ ಬಂತು, 1989ರಲ್ಲಿ ‘ಗೇಮ್ ಬಾಯ್’. ಬಳಸಿ ಬಳಸಿ ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚಬೇಕೆಂಬುದು ಯೊಕೊಯಿ ಅವರ ನೀತಿ. ಬಣ್ಣದ ಪರದೆ ಸಾಧ್ಯವಿದ್ದರೂ ಗೇಮ್ ಬಾಯ್‌ಗೆ ಬಣ್ಣವಿಲ್ಲದ ಪರದೆಯನ್ನೇ ಇಟ್ಟರು. ಬೆಲೆ ಇಳಿಯಿತು, ಸೆಲ್ಲು ಹೆಚ್ಚು ಹೊತ್ತು ಬಂತು. ಅಮೆರಿಕದಲ್ಲಿ ಅದರ ಜೊತೆಗೇ ಟೆಟ್ರಿಸ್ ಕೊಟ್ಟರು. ಆಟವೂ ಡಬ್ಬಿಯೂ ಒಂದನ್ನೊಂದು ಮಾರಿಕೊಂಡವು.

ಆದರೆ ಅಮೆರಿಕದಲ್ಲಿ ಸುಮಾರು 90 ಡಾಲರಿನ ಈ ವಸ್ತು ನಮ್ಮ ಸಣ್ಣ ಊರುಗಳ ಮಕ್ಕಳಿಗೆ ಕನಸಿನಲ್ಲೂ ಸಿಗುವಂಥದ್ದಲ್ಲ. ಸಿಕ್ಕಿದ್ದು ಅದರ ಬಡ ದಾಯಾದಿ. ಯೊಕೊಯಿ ಅವರ ನೀತಿಯನ್ನು ಅವರಿಗಿಂತಲೂ ಮುಂದೆ ಕೊಂಡೊಯ್ದವರು ಚೀನಾ, ತೈವಾನಿನ ಕಾರ್ಖಾನೆಯವರು.

ಅಗ್ಗವಾದದ್ದು ಹೇಗೆ?

ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು, ಒಟ್ಟು 23,040. ಅವುಗಳಿಂದ ಯಾವ ಚಿತ್ರವನ್ನಾದರೂ ಬರೆಯಬಹುದು. ಬ್ರಿಕ್ ಗೇಮಿನಲ್ಲಿ ಇರುವುದು ಅಡ್ಡಕ್ಕೆ 10, ಉದ್ದಕ್ಕೆ 20, ಅಂದರೆ ಕೇವಲ 200 ಚೌಕಗಳು. ಆ ಚೌಕಗಳ ಆಕಾರ ಗಾಜಿನಲ್ಲಿ ಮೊದಲೇ ಅಚ್ಚಾಗಿರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಅಂಕಿಯ ಗೆರೆಗಳು ಮೂಡುವಂತೆಯೇ ಇಲ್ಲಿ ಚೌಕ ಮೂಡುತ್ತದೆ, ಅಳಿಯುತ್ತದೆ. ಪರದೆಯನ್ನು ಓರೆಯಾಗಿ ಹಿಡಿದು ನೋಡಿದರೆ ಆಡದೆ ಇರುವ ಚೌಕಗಳ ನೆರಳೂ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಒಳಗಿದ್ದದ್ದು ತೀರ ಸಣ್ಣ ಲೆಕ್ಕದ ಒಂದು ಚಿಪ್ಪು, ಒಂದು ಸಣ್ಣ ಬಜರ್, ಗುಂಡಿಗಳ ಕೆಳಗೆ ಒಂದು ರಬ್ಬರ್ ಹಾಸು. ಅಷ್ಟೇ.

ಇನ್ನು 9999 ಆಟಗಳ ಮಾತು. ಆ ಡಬ್ಬಿಯಲ್ಲಿ ನಿಜವಾಗಿ ಇದ್ದದ್ದು ಇಟ್ಟಿಗೆ, ಹಾವು, ಕಾರು, ಟ್ಯಾಂಕಿ, ಕಪ್ಪೆ ಎಂಬಂಥ ಕೆಲವೇ ಆಟಗಳು. ಒಂದೊಂದನ್ನೂ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ಮಟ್ಟದಲ್ಲಿ ಲೆಕ್ಕ ಹಾಕಿ ಗುಣಿಸಿ ಸಾವಿರ ಮಾಡುತ್ತಿದ್ದರು. ಪಜಿಟ್ನೋವ್ ಅವರ ಅನುಮತಿಯ ಗೊಡವೆಗೂ ಅಗ್ಗದ ತಯಾರಕರು ಹೋಗಲಿಲ್ಲ. ಬಡವರ ಮಗುವಿನ ಕೈಗೆ ಆಟ ತಲುಪಿದ್ದು ಒಬ್ಬರ ಬುದ್ಧಿಯನ್ನು ಪುಕ್ಕಟೆಯಾಗಿ ಬಳಸಿಕೊಂಡದ್ದರಿಂದ ಎಂಬುದನ್ನೂ ಮರೆಯಬಾರದು.

ಆ ಕಾಲದಲ್ಲಿ ನಮ್ಮ ದೇಶದೊಳಕ್ಕೆ ಗ್ರಾಹಕ ವಸ್ತುಗಳನ್ನು ಆಮದು ಮಾಡಿಕೊಳ್ಳಲು ನಿರ್ಬಂಧಗಳಿದ್ದವು. ಉಳಿದಿದ್ದ ಕೊನೆಯ 715 ಬಗೆಯ ವಸ್ತುಗಳ ಮೇಲಿನ ಪ್ರಮಾಣ ನಿರ್ಬಂಧ ತೆಗೆದದ್ದು 2001ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ‘ಫಾರಿನ್ ಸಾಮಾನು’ ಎಂದರೆ ಚೆನ್ನೈನ ಬರ್ಮಾ ಬಜಾರು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟು. ದೊಡ್ಡ ಊರಿನ ಇಂಥ ಸಂದಿಗಳಿಂದ ಜಾತ್ರೆ ವ್ಯಾಪಾರಿಯ ಚೀಲಕ್ಕೆ, ಅಲ್ಲಿಂದ ಸಂತೆಗೆ, ಬಸ್ ನಿಲ್ದಾಣಕ್ಕೆ ಸಾಮಾನು ಹರಿಯುತ್ತಿತ್ತು. ಗುಂಡ್ಲುಪೇಟೆಗೆ ಇದರಲ್ಲಿ ಒಂದು ಅನುಕೂಲವಿತ್ತು. ಮೈಸೂರಿನಿಂದ ಊಟಿಗೂ ವಯನಾಡಿಗೂ ಹೋಗುವ ರಸ್ತೆಗಳು ಕವಲೊಡೆಯುವುದು ಅಲ್ಲಿಯೇ. ಬಸ್ಸು ನಿಂತಾಗ ಕಡಲೆಕಾಯಿ, ಸೌತೆಕಾಯಿ ಮಾರುವವರ ನಡುವೆ ಆಟಿಕೆಯವರೂ ಕಿಟಕಿಗೆ ಬರುತ್ತಿದ್ದರು. ಹೇಳಿದ ಬೆಲೆ ಎಷ್ಟೇ ಇರಲಿ, ಬಸ್ಸು ಹೊರಡುವ ಹೊತ್ತಿಗೆ ಅದು ಅರ್ಧಕ್ಕೆ ಇಳಿಯುತ್ತಿತ್ತು.

ಜೂಜಿನ ಕಳಂಕ

‘ವಿಡಿಯೋ ಗೇಮ್’ ಎಂಬ ಮಾತು ಸಣ್ಣ ಊರಿಗೆ ಬರುವ ಮೊದಲೇ ಅದಕ್ಕೆ ಕೆಟ್ಟ ಹೆಸರು ಬಂದಿತ್ತು. ಬೆಂಗಳೂರಿನಲ್ಲಿ ಕಾಸು ಹಾಕಿ ಆಡುವ ಯಂತ್ರಗಳ ಪಾರ್ಲರುಗಳು ಎದ್ದಿದ್ದವು. ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನು ನಿಯಂತ್ರಿಸುವ 1989ರ ಆದೇಶದಂತೆ ಇವಕ್ಕೂ ಪೊಲೀಸರ ಲೈಸೆನ್ಸ್ ಬೇಕೆಂದಾಯಿತು. ಮಾಲೀಕರು ಕೋರ್ಟಿಗೆ ಹೋದರು. ಇವು ಜಾಣ್ಮೆಯ ಆಟಗಳೋ ಅದೃಷ್ಟದ ಆಟಗಳೋ ಎಂಬ ಜಿಜ್ಞಾಸೆ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಈ ಪ್ರಕರಣದಲ್ಲಿ 1995ರಲ್ಲಿ ತೀರ್ಪು ಬಂತು. ಇಂಥ ಪಾರ್ಲರುಗಳನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕೆ ಇದೆ ಎಂದು ನ್ಯಾಯಾಲಯ ಎತ್ತಿಹಿಡಿಯಿತು.

ಕಾಸು ನುಂಗುವ ಯಂತ್ರಕ್ಕೂ ಜಾತ್ರೆಯ ಡಬ್ಬಿಗೂ ಹೆಸರು ಒಂದೇ. ಆದ್ದರಿಂದ ಒಂದರ ಅಪವಾದ ಇನ್ನೊಂದರ ತಲೆಗೆ ಬಂತು. ಆದರೆ ಜಾತ್ರೆಯ ಡಬ್ಬಿಯಲ್ಲಿ ಹಣ ಕಟ್ಟುವ ಮಾತೇ ಇರಲಿಲ್ಲ. ಕೊಂಡ ಮೇಲೆ ಅದು ಕೇಳುತ್ತಿದ್ದದ್ದು ಎರಡು ಸೆಲ್ಲು ಮಾತ್ರ.

ಮನೆಯಲ್ಲಿ, ಶಾಲೆಯಲ್ಲಿ

ನಿಜವಾದ ಜಗಳ ಶುರುವಾಗುತ್ತಿದ್ದದ್ದೂ ಈ ಸೆಲ್ಲಿನಿಂದಲೇ. ದಿನಗೂಲಿಯ ಮನೆಯಲ್ಲಿ ಮತ್ತೆ ಮತ್ತೆ ಸೆಲ್ಲು ತರುವುದು ಸಣ್ಣ ಖರ್ಚಲ್ಲ. ಮಕ್ಕಳು ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು. ಕೆಲವರು ಹಲ್ಲಿನಲ್ಲಿ ಕಚ್ಚುತ್ತಿದ್ದರು, ಅದು ಅಪಾಯದ ಕೆಲಸ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ ಇನ್ನೊಂದಷ್ಟು ಹೊತ್ತು ಆಟ ನಡೆಯುತ್ತಿತ್ತು. ಅದೂ ಆಗದಿದ್ದಾಗ ಗೋಡೆ ಗಡಿಯಾರಕ್ಕೆ ಕೈ. ಗಡಿಯಾರದ ಸೆಲ್ಲೂ ಇದೇ ಅಳತೆಯದು. ಬೆಳಗ್ಗೆ ಗಡಿಯಾರ ಮೂರು ಗಂಟೆಗೇ ನಿಂತಿದ್ದರೆ ಕಳ್ಳನನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಎರಡನೆಯದು ಕಣ್ಣಿನ ಚಿಂತೆ. ‘ಅದ ಅತ್ತಗ ಮಡುಗ್ಲಾ, ಕಣ್ಣು ಹೊಂಟೋಯ್ತವ’ ಎಂಬ ಅವ್ವಂದಿರ ಗದರಿಕೆ ನಮ್ಮ ಕಡೆಯ ಎಷ್ಟೋ ಮನೆಗಳ ಸಂಜೆಯ ಮಾತಾಗಿತ್ತು. ಈ ಪರದೆಗೆ ತನ್ನದೇ ಬೆಳಕಿರಲಿಲ್ಲ. ಕರೆಂಟು ಹೋದಾಗ ಟಿ.ವಿ.ಗೆ ಜೋಡಿಸುವ ಸಾಮುರಾಯ್, ಲಿಟ್ಲ್ ಮಾಸ್ಟರ್ ಮುಂತಾದ ಸಾವಿರಾರು ರೂಪಾಯಿಯ ಆಟಗಳು ನಿಂತುಹೋದರೆ, ಇದು ಸೀಮೆಣ್ಣೆ ಬುಡ್ಡಿಯ ಮುಂದೆಯೂ ನಡೆಯುತ್ತಿತ್ತು. ಬೆಳಕು ಸಾಲದೆ ಮಕ್ಕಳು ಡಬ್ಬಿಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅವ್ವಂದಿರ ಭಯ ಪೂರ್ತಿ ಹುಸಿಯಲ್ಲ. ಹತ್ತಿರದ ನೋಟದ ಕೆಲಸ ಹೆಚ್ಚಾಗಿ, ಬಯಲಿನ ಬೆಳಕಿನಲ್ಲಿ ಕಳೆಯುವ ಹೊತ್ತು ಕಡಿಮೆಯಾದರೆ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತದೆಂದು ನೇತ್ರ ವೈದ್ಯರು ಈಗ ಹೇಳುತ್ತಾರೆ. ಆದರೆ ಅದು ಪಠ್ಯಪುಸ್ತಕಕ್ಕೂ ಅಷ್ಟೇ ಸಲ್ಲುವ ಮಾತು.

ಮೂರನೆಯದು ಮೇಷ್ಟ್ರ ದೂರು. ಪಾಠದ ನಡುವೆ ಚೀಲದೊಳಗಿನಿಂದ ‘ಕೀ’ ಎಂದರೆ ಡಬ್ಬಿ ಮೇಜಿನ ಖಾನೆ ಸೇರುತ್ತಿತ್ತು. ನನಗೆ ಗೊತ್ತಿದ್ದ ಮೇಷ್ಟ್ರೊಬ್ಬರು ಹಾಗೆ ಕಿತ್ತುಕೊಂಡ ಡಬ್ಬಿಯನ್ನು ಸಂಜೆ ಸ್ಟಾಫ್ ರೂಮಿನಲ್ಲಿ ತಾವೇ ಆಡುತ್ತ ಕೂತು ಬಸ್ಸು ತಪ್ಪಿಸಿಕೊಂಡರು. ಮರುದಿನ ಅದನ್ನು ಹುಡುಗನಿಗೆ ವಾಪಸು ಕೊಡುವಾಗ ಅವರು ಬೈಯಲಿಲ್ಲ. ‘ಕೆಟ್ಟದ್ದು ಅಂತ ಅಲ್ಲ ಕಣಪ್ಪ, ಬಿಡೋಕಾಗಲ್ಲ’ ಎಂದರು. ಆ ಡಬ್ಬಿಯ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಬಿಡಲಾಗದ ಈ ಗುಣವನ್ನು ವಿಜ್ಞಾನಿಗಳೂ ಗಮನಿಸಿದ್ದಾರೆ. 1992ರಲ್ಲಿ ಅಮೆರಿಕದ ರಿಚರ್ಡ್ ಹೈಯರ್ ಮತ್ತು ಸಂಗಡಿಗರು ಟೆಟ್ರಿಸ್ ಅಭ್ಯಾಸ ಮಾಡಿದವರ ಮಿದುಳನ್ನು ಪರೀಕ್ಷಿಸಿ, ಆಟ ಪಳಗಿದಂತೆ ಮಿದುಳು ಅದಕ್ಕೆ ಖರ್ಚು ಮಾಡುವ ಶಕ್ತಿ ಕಡಿಮೆಯಾಗುವುದನ್ನು ಕಂಡರು. 2000ದಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ಅವರ ತಂಡ, ಆಡಿದವರಿಗೆ ನಿದ್ದೆ ಹತ್ತುವ ಹೊತ್ತಿಗೆ ಕಣ್ಣೊಳಗೆ ಇಟ್ಟಿಗೆಗಳು ಇಳಿಯುವುದನ್ನು ದಾಖಲಿಸಿತು. ಆಡಿದ್ದೇ ನೆನಪಿಲ್ಲದ ಮರೆವಿನ ರೋಗಿಗಳಿಗೂ ಆ ಚಿತ್ರ ಕಂಡಿತ್ತು. ಜಾತ್ರೆಯ ರಾತ್ರಿ ಕಣ್ಣು ಮುಚ್ಚಿದರೂ ಇಟ್ಟಿಗೆ ಕಾಣುತ್ತವೆ ಎನ್ನುತ್ತಿದ್ದ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ.

ಇನ್ನು, ಒಂಟಿಯಾಗಿಸುತ್ತದೆ ಎಂಬ ಆರೋಪ. ಡಬ್ಬಿ ಒಬ್ಬನಿಗೆಂದೇ ಮಾಡಿದ್ದು, ನಿಜ. ಆದರೆ ಬೀದಿಗೊಂದು ಡಬ್ಬಿ ಇದ್ದ ಕಾಲದಲ್ಲಿ ಅದು ಒಬ್ಬನದಾಗಿ ಉಳಿಯಲಿಲ್ಲ. ಜಗಲಿಯ ಮೇಲೆ ಆಡುವವನು ಒಬ್ಬ, ಹೆಗಲ ಮೇಲಿಂದ ಬಗ್ಗಿ ನೋಡುವವರು ಐವರು. ‘ತಿರುಗ್ಸು, ತಿರುಗ್ಸು’ ಎಂದು ಕೂಗುವವರು ಎಲ್ಲರೂ. ರಾಶಿ ಮೇಲೆ ಮುಟ್ಟಿದರೆ ಡಬ್ಬಿ ಮುಂದಿನವನಿಗೆ. ಯಾರೂ ಬರೆಯದ ಈ ಕಾನೂನನ್ನು ಎಲ್ಲ ಬೀದಿಗಳ ಮಕ್ಕಳೂ ಪಾಲಿಸಿದರು. ಹೆಣ್ಣುಮಕ್ಕಳಿಗೆ ಸರದಿ ಸಿಗುತ್ತಿದ್ದದ್ದು ಹೆಚ್ಚಾಗಿ ಅಣ್ಣ ಊಟಕ್ಕೆ ಎದ್ದಾಗ ಎಂಬುದನ್ನೂ ಹೇಳಬೇಕು. ಡಬ್ಬಿ ಅಗ್ಗವಾದರೂ ಅದರ ಹಂಚಿಕೆಯಲ್ಲಿ ಮನೆಯ ಹಳೆಯ ಪಕ್ಷಪಾತವೇ ನಡೆಯಿತು.

ಅರಸರ ಕುದುರೆ

ಒಬ್ಬರೇ ಕುಳಿತು ಆಡುವುದು ಚೀನಾ ಡಬ್ಬಿಯೊಡನೆ ಬಂದ ರೋಗವೂ ಅಲ್ಲ. ಮೇಲೆ ಹೇಳಿದ ತೇರು ಎಳೆಯುವ ಚಾಮರಾಜೇಶ್ವರ ದೇಗುಲವನ್ನೇ ನೋಡಿ. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ್ ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ಚಾಮರಾಜನಗರ ಎಂದು ಹೆಸರಿಟ್ಟು, 1826ರಲ್ಲಿ ಈ ದೇಗುಲ ಕಟ್ಟಿಸಿದರು. ಇದೇ ಅರಸರು ನಾಡಿನ ಆಟಗಳ ಚರಿತ್ರೆಯಲ್ಲಿ ಬಹು ದೊಡ್ಡ ಹೆಸರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಅವರು ಗ್ರಂಥ, ಕಲೆ, ಆಟಗಳ ಕಡೆ ಮನಸ್ಸು ಹರಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಚದುರಂಗ, ಪಗಡೆ, ಗಂಜೀಫಾಗಳ ಭಂಡಾರ.

ಅದರಲ್ಲೂ ಅವರಿಗೆ ಪ್ರಿಯವಾದದ್ದು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ನಡೆಸುವ ಸಮಸ್ಯೆ. ಇದಕ್ಕೆ ಎದುರಾಳಿ ಬೇಡ, ಆಡುವವರು ಒಬ್ಬರೇ. ಅರಸರು ಇದನ್ನು ಬಗೆಬಗೆಯಾಗಿ ಬಿಡಿಸಿದರು. ಮನೆಗಳಿಗೆ ತಪ್ಪದೆ ಆಕಾರ ಹೊಂದಿಸುವ ಈ ಸುಖಕ್ಕೂ ಸಂದು ಬಿಡದೆ ಇಟ್ಟಿಗೆ ಜೋಡಿಸುವ ಸುಖಕ್ಕೂ ಜಾತಿ ಒಂದೇ. ಅರಮನೆಯಲ್ಲಿ ಅದನ್ನು ಪಾಂಡಿತ್ಯ ಎಂದರು. ಜಗಲಿಯಲ್ಲಿ ಕೆಟ್ಟ ಚಟ ಎಂದರು. ವ್ಯತ್ಯಾಸ ಆಟದಲ್ಲಿ ಇರಲಿಲ್ಲ, ಆಡುವವರ ಬಿಡುವಿನಲ್ಲಿ ಇತ್ತು. ಕೂಲಿ ಮನೆಯ ಹುಡುಗನ ಬಿಡುವಿನ ಮೇಲೆ ದನ, ಹೊಲ, ಪರೀಕ್ಷೆ ಎಲ್ಲವೂ ಹಕ್ಕು ಸಾಧಿಸುತ್ತಿದ್ದವು.

ಕೊನೆಯಿದ್ದ ಆಟ, ಕೊನೆಯಿಲ್ಲದ ಆಟ

ಅರಸರ ಕುದುರೆಗೆ ಅರವತ್ತನಾಲ್ಕನೆಯ ಮನೆ ಇತ್ತು. ಬ್ರಿಕ್ ಗೇಮಿಗೂ ಕೊನೆ ಇತ್ತು. ಇಟ್ಟಿಗೆಯ ವೇಗ ಏರುತ್ತ ಹೋಗಿ ಎಂಥ ನಿಪುಣನೂ ಒಂದು ಹಂತದಲ್ಲಿ ಸೋಲಲೇಬೇಕು. ಸೋಲದಿದ್ದರೆ ಸೆಲ್ಲು ಸೋಲುತ್ತಿತ್ತು. ಸೆಲ್ಲು ತೆಗೆದರೆ ಗಳಿಸಿದ ಅಂಕವೂ ಅಳಿಸಿಹೋಗಿ ಎಲ್ಲ ಸೊನ್ನೆಯಿಂದ ಶುರು. ಆಗ ಇದು ಡಬ್ಬಿಯ ಕೊರತೆ ಎನಿಸಿತ್ತು. ಈಗ ನೋಡಿದರೆ ಮಕ್ಕಳನ್ನು ಕಾಪಾಡಿದ್ದೇ ಈ ಕೊರತೆಗಳು.

1997ರಲ್ಲಿ ನೋಕಿಯಾ 6110 ಫೋನಿನೊಳಗೆ ಹಾವಿನ ಆಟ ಬಂತು. ಮುಂದೆ ಫೋನುಗಳು ಹಳ್ಳಿ ಹಳ್ಳಿಗೂ ತಲುಪಿದಂತೆ ಪ್ರತ್ಯೇಕ ಡಬ್ಬಿಯ ಅಗತ್ಯ ಕಡಿಮೆಯಾಯಿತು. 2016ರ ನಂತರ ಅಂತರ್ಜಾಲ ಅಗ್ಗವಾಗಿ ಆಟದ ಸ್ವರೂಪವೇ ಬದಲಾಯಿತು. ಈಗಿನ ಎಷ್ಟೋ ಮೊಬೈಲ್ ಆಟಗಳಿಗೆ ಬೆಲೆಯಿಲ್ಲ, ಕೊನೆಯೂ ಇಲ್ಲ. ಸೋತವನಿಗೆ ಹಣ ಕೊಟ್ಟರೆ ಮತ್ತೊಂದು ಜೀವ. ಬಿಟ್ಟು ಹೋದವನಿಗೆ ಗಂಟೆ ಬಾರಿಸಿ ಕರೆ. ಮಕ್ಕಳೂ ಯುವಕರೂ ತಂತ್ರಜ್ಞಾನದ ಗೀಳಿಗೆ ಬೀಳುವುದನ್ನು ಕಂಡು ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2022ರ ಜನವರಿಯಿಂದ ಜಾರಿಗೆ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಜಾತ್ರೆಯ ಡಬ್ಬಿಯ ಮೇಲೆ ತಪ್ಪಾಗಿ ಹೊರಿಸಿದ್ದ ಜೂಜಿನ ಅಪವಾದ ಮೂವತ್ತು ವರ್ಷ ತಡವಾಗಿ ಸರಿಯಾದ ವಿಳಾಸಕ್ಕೆ ತಲುಪಿತು ಎನ್ನಬಹುದು.

ಈ ಹಿನ್ನೆಲೆಯಲ್ಲಿಯೇ ಹಳೆಯ ಡಬ್ಬಿ ಹೊಸ ವೇಷದಲ್ಲಿ ಮರಳಿದೆ. ‘ಸಪ್, 400 ಇನ್ 1’ ಎಂಬ ಹೆಸರಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇದಕ್ಕೆ ಬಣ್ಣದ ಪರದೆ ಇದೆ. ಸೆಲ್ಲಿನ ಬದಲು ಹಳೆ ನೋಕಿಯಾ ಫೋನಿನ ಮಾದರಿಯ, ಚಾರ್ಜ್ ಮಾಡುವ ಬ್ಯಾಟರಿ. ಆಟಗಳು ಬಹುಪಾಲು 1980ರ ದಶಕದವು, ಅವೂ ಅನುಮತಿಯಿಲ್ಲದ ನಕಲು. ಗುಂಡಿ ಬೇಗ ಸಡಿಲವಾಗುತ್ತದೆ. ನಾನೂರು ಎಂಬ ಲೆಕ್ಕದಲ್ಲಿ ಒಂದೇ ಆಟ ಎರಡು ಹೆಸರಿನಲ್ಲಿ ಬರುವುದೂ ಉಂಟು. ಬ್ಯಾಟರಿಯ ಮುಚ್ಚಳ ಭದ್ರವಾಗಿದೆಯೇ, ಚಾರ್ಜಿಗೆ ಹಾಕಿದಾಗ ಅತಿಯಾಗಿ ಬಿಸಿಯಾಗುತ್ತದೆಯೇ ಎಂದು ದೊಡ್ಡವರು ನೋಡಿಕೊಳ್ಳಬೇಕು. ಇಷ್ಟಾದರೂ ಅದರಲ್ಲಿ ಅಂತರ್ಜಾಲವಿಲ್ಲ, ಜಾಹೀರಾತಿಲ್ಲ, ಅಪರಿಚಿತರ ಕರೆಯಿಲ್ಲ. ತಂದೆತಾಯಂದಿರು ಅದನ್ನು ಮೆಚ್ಚುವುದು ಇರುವುದಕ್ಕಿಂತ ಇಲ್ಲದ್ದಕ್ಕಾಗಿ.

ಹಾಗೆಂದು ಡಬ್ಬಿ ಕೊಟ್ಟರೆ ಮೊಬೈಲಿನ ಕಾಟ ತಪ್ಪಿತೆಂದು ತಿಳಿಯುವುದೂ ಭ್ರಮೆಯೇ. ಅಂದಿನ ಮಕ್ಕಳನ್ನು ಉಳಿಸಿದ್ದು ಡಬ್ಬಿಯೊಂದೇ ಅಲ್ಲ; ಸರದಿಗೆ ಕಾಯುತ್ತಿದ್ದ ಐವರು, ಊಟಕ್ಕೆ ಕರೆಯುತ್ತಿದ್ದ ಅವ್ವ, ಕಿತ್ತುಕೊಂಡು ವಾಪಸು ಕೊಟ್ಟ ಮೇಷ್ಟ್ರು ಕೂಡ. ಮಗುವಿನ ಕೈಗೆ ಆಟ ಕೊಡುವಾಗ ನಾವು ಕೇಳಬೇಕಾದ್ದು ಅದು ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಅದು ಯಾವಾಗ ಮುಗಿಯುತ್ತದೆ, ಮುಗಿದಾಗ ಯಾರ ಕೈಗೆ ಹೋಗುತ್ತದೆ ಎಂದು.

ಚಾಮರಾಜನಗರದ ದೊಡ್ಡ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿ, ಹೊಸ ತೇರು ಸಿದ್ಧವಾಗಿ 2022ರ ಆಷಾಢದಲ್ಲಿ ರಥೋತ್ಸವ ಮತ್ತೆ ನಡೆಯಿತು. ತೇರಿನ ಜೊತೆಗೆ ಅಂಗಡಿಗಳ ಸಾಲೂ ಮರಳಿತು. ಹಿಂದೆ ಅವ್ವನ ಸೆರಗು ಜಗ್ಗಿ ಡಬ್ಬಿ ಕೇಳಿದ ಹುಡುಗರು ಈಗ ಮಕ್ಕಳ ಕೈ ಹಿಡಿದು ಅಲ್ಲಿ ನಿಲ್ಲುತ್ತಾರೆ. ಬೆಲೆ ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಕೊಂಡರೆ ಒಂದೇ ಕೊಳ್ಳಲಿ, ಮಕ್ಕಳು ಇಬ್ಬರಿದ್ದರೂ. ಸರದಿ ಕಾಯುವುದನ್ನು ಕಲಿಸುವ ಗುಂಡಿ ಯಾವ ಡಬ್ಬಿಯಲ್ಲೂ ಇಲ್ಲ.